269ನೇ ಆಯ್ಕೆ, ಆರು ವರ್ಷದ ಸರದಿ: ವಿಟ್ ಮೆರಿಫೀಲ್ಡ್ ಮೈನರ್ ಲೀಗ್ ದಾಟಿದ ಬಗೆ

2010ರ ಜೂನ್ 29, ಅಮೆರಿಕದ ನೆಬ್ರಾಸ್ಕಾ ರಾಜ್ಯದ ಓಮಾಹಾ ನಗರ. ಕಾಲೇಜು ಬೇಸ್‌ಬಾಲ್‌ನ ರಾಷ್ಟ್ರೀಯ ಫೈನಲ್, 11ನೇ ಇನಿಂಗ್ಸ್, ಸ್ಕೋರ್ 1-1. ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ವಿಟ್ ಮೆರಿಫೀಲ್ಡ್ ಚೆಂಡನ್ನು ಬಲಗಡೆಯ ಔಟ್‌ಫೀಲ್ಡ್‌ಗೆ, ಅಂದರೆ ಹೊರ ಮೈದಾನಕ್ಕೆ, ಹೊಡೆದರು. ಮೂರನೇ ಬೇಸ್‌ನಲ್ಲಿದ್ದ ಸ್ಕಾಟ್ ವಿಂಗೊ ಓಡಿ ಬಂದು ರನ್ ಗಳಿಸಿದರು. ಎದುರಾಳಿ ವಿಶ್ವವಿದ್ಯಾಲಯ ಯುಸಿಎಲ್‌ಎ ಸೋತಿತು, ಸೌತ್ ಕೆರೊಲಿನಾ ಚಾಂಪಿಯನ್ ಆಯಿತು. ರೋಸೆನ್‌ಬ್ಲಾಟ್ ಕ್ರೀಡಾಂಗಣದಲ್ಲಿ ನಡೆದ ಕೊನೆಯ ಕಾಲೇಜ್ ವರ್ಲ್ಡ್ ಸೀರೀಸ್ ಪಂದ್ಯವೂ ಅದೇ.

ಹೆಚ್ಚುಕಮ್ಮಿ ಏಳು ವರ್ಷ ಕಳೆದು 2017ರ ಏಪ್ರಿಲ್ ಬಂದಾಗ ಅದೇ ಮೆರಿಫೀಲ್ಡ್ ಅದೇ ಊರಿನಲ್ಲಿದ್ದರು. ಈ ಸಲ ಓಮಾಹಾ ಸ್ಟಾರ್ಮ್ ಚೇಸರ್ಸ್ ತಂಡದ ಅಂಗಿಯಲ್ಲಿ, ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್ ಆದ ಮೇಜರ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗೆ. ವಯಸ್ಸು 28. ಹಿಂದಿನ ವರ್ಷ ಕ್ಯಾನ್ಸಸ್ ಸಿಟಿ ರಾಯಲ್ಸ್ ಪರ 81 ಮೇಜರ್ ಲೀಗ್ ಪಂದ್ಯ ಆಡಿ 0.283 ಸರಾಸರಿ ತೋರಿಸಿದ್ದರು. ಕ್ರಿಕೆಟ್ ಕಣ್ಣಿನವರಿಗೆ ಒಂದು ಮಾತು: ಇಲ್ಲಿ 0.300 ಎಂದರೆ ಹತ್ತು ಪ್ರಯತ್ನದಲ್ಲಿ ಮೂರು ಸಲ ಹಿಟ್, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವುದು. ಅಷ್ಟು ಮಾಡಿದವನು ಒಳ್ಳೆಯ ಬ್ಯಾಟರ್. 0.283 ನಾಚಿಕೆಪಡುವ ಅಂಕಿಯೇನಲ್ಲ. ಆದರೂ ವಾಪಸ್ ಕಳಿಸಿದ್ದರು.

ಮುಂದಿನ ಎರಡು ವರ್ಷಗಳಲ್ಲಿ ಇದೇ ಆಟಗಾರ ಮೇಜರ್ ಲೀಗ್‌ನಲ್ಲೇ ಅತಿ ಹೆಚ್ಚು ಹಿಟ್ ಹೊಡೆದವರಾದರು. ಹಾಗಾದರೆ ಅಷ್ಟು ವರ್ಷ ಅವರನ್ನು ಹಿಡಿದು ನಿಲ್ಲಿಸಿದ್ದೇನು? ಇದನ್ನು ಸಾಮಾನ್ಯವಾಗಿ ಛಲದ ಕಥೆ ಎಂದು ಹೇಳಿ ಮುಗಿಸುತ್ತಾರೆ. ಛಲ ಇತ್ತು, ಸುಳ್ಳಲ್ಲ. ಆದರೆ ಛಲ ಇದ್ದೂ ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗಿನ ಡಬಲ್-ಎ ಮಟ್ಟದಲ್ಲೇ ಆಟ ಮುಗಿಸಿ ಮನೆಗೆ ಹೋದವರು ಸಾವಿರಾರು. ಮೆರಿಫೀಲ್ಡ್ ಪ್ರಕರಣ ತೋರಿಸುವುದು ಬೇರೆಯದನ್ನು. ಮೈನರ್ ಲೀಗ್, ಅಂದರೆ ಮೇಜರ್ ಲೀಗ್ ಕ್ಲಬ್‌ಗಳ ಕೆಳಹಂತದ ತಂಡಗಳ ವ್ಯವಸ್ಥೆ, ಪರೀಕ್ಷೆ ಪಾಸಾದರೆ ಮೇಲೆ ಹತ್ತಿಸುವ ಏಣಿಯಲ್ಲ, ಅದೊಂದು ಸಾಲು. ಮುಂದೆ ನಿಂತವರು ಯಾರು, ಅವರ ಮೇಲೆ ಕ್ಲಬ್ ಎಷ್ಟು ಹಣ ಹಾಕಿದೆ, ನಿಯಮದ ಕಾಗದಪತ್ರ ಏನು ಹೇಳುತ್ತದೆ ಎಂಬುದು ಬ್ಯಾಟಿನಷ್ಟೇ ಮುಖ್ಯ.

ಮೆಟ್ಟಿಲುಗಳು

ಆ ಕಾಲದಲ್ಲಿ ಡ್ರಾಫ್ಟ್‌ನಲ್ಲಿ, ಅಂದರೆ ಕ್ಲಬ್‌ಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿಯಲ್ಲಿ, 50 ಸುತ್ತುಗಳಿದ್ದವು. ರಾಯಲ್ಸ್ ಮೆರಿಫೀಲ್ಡ್‌ರನ್ನು 9ನೇ ಸುತ್ತಿನಲ್ಲಿ, ಒಟ್ಟಾರೆ 269ನೆಯವರಾಗಿ ಆರಿಸಿತು. ತಂದೆ ಬಿಲ್ ಮೆರಿಫೀಲ್ಡ್ ಕೂಡ ಮೈನರ್ ಲೀಗ್‌ನಲ್ಲಿ ಆಡಿದವರು. ದಾರಿ ಎಂಥದ್ದು ಎಂಬುದು ಮನೆಯಲ್ಲೇ ಗೊತ್ತಿತ್ತು.

ರಾಯಲ್ಸ್‌ನ ಮೆಟ್ಟಿಲುಗಳು ಆಗ ಹೀಗಿದ್ದವು: ಅಯೋವಾದ ಬರ್ಲಿಂಗ್ಟನ್ ಬೀಸ್ (ಕೆಳ ಎ), ಡೆಲವೇರ್‌ನ ವಿಲ್ಮಿಂಗ್ಟನ್ ಬ್ಲೂ ರಾಕ್ಸ್ (ಮೇಲಿನ ಎ), ಅರ್ಕನ್ಸಾದ ಸ್ಪ್ರಿಂಗ್‌ಡೇಲ್‌ನಲ್ಲಿ ನಾರ್ತ್‌ವೆಸ್ಟ್ ಅರ್ಕನ್ಸಾ ನ್ಯಾಚುರಲ್ಸ್ (ಡಬಲ್-ಎ), ಕೊನೆಗೆ ಓಮಾಹಾ (ಟ್ರಿಪಲ್-ಎ). ಇವಕ್ಕೂ ಕೆಳಗೆ ರೂಕಿ, ಅಂದರೆ ಹೊಸಬರ ತಂಡಗಳು. ಮೆರಿಫೀಲ್ಡ್ 2010ರಲ್ಲೇ ಬರ್ಲಿಂಗ್ಟನ್‌ನಲ್ಲಿ ಶುರುಮಾಡಿದರು. 2011 ಪೂರ್ತಿ ವಿಲ್ಮಿಂಗ್ಟನ್. 2012ರಲ್ಲಿ ಅಲ್ಲಿಂದ ನಡುವೆ ಸ್ಪ್ರಿಂಗ್‌ಡೇಲ್‌ಗೆ. 2013 ಅಲ್ಲೇ. 2014ರ ಆರಂಭವೂ ಅಲ್ಲೇ.

ಪ್ರತಿ ಮೆಟ್ಟಿಲಿನಲ್ಲೂ ಪರೀಕ್ಷೆ ಬೇರೆ. ಎ ಮಟ್ಟದ ಪಿಚರ್‌ಗಳಿಗೆ (ಬ್ಯಾಟರ್‌ಗೆ ಚೆಂಡು ಎಸೆಯುವವರಿಗೆ) ವೇಗವಿದೆ, ಹಿಡಿತವಿಲ್ಲ. ಕಾದು ನಿಂತರೆ ಹೊಡೆಯುವ ಚೆಂಡು ಸಿಗುತ್ತದೆ. ಡಬಲ್-ಎಯಲ್ಲಿ ಜರಡಿ ಹಿಡಿಯುತ್ತಾರೆ. ಅಲ್ಲಿ ಪಿಚರ್‌ಗೆ ವೇಗದ ಜೊತೆ ನಂಬಬಹುದಾದ ಎರಡನೇ ಅಸ್ತ್ರವೂ ಇರುತ್ತದೆ, ಪಕ್ಕಕ್ಕೆ ತಿರುಗುವ ಸ್ಲೈಡರ್ ಅಥವಾ ವೇಗದ ಚೆಂಡಿನಂತೆ ಕಂಡು ನಿಧಾನವಾಗಿ ಬರುವ ಚೇಂಜ್‌ಅಪ್. ಒಳಗಿನ ವೇಗದ ಚೆಂಡಿಗೆ ಮಾತ್ರ ಆಡುವ ಬ್ಯಾಟರ್ ಇಲ್ಲಿ ತಿಂಗಳೊಪ್ಪತ್ತಿನಲ್ಲಿ ಬಯಲಾಗುತ್ತಾನೆ. ಟ್ರಿಪಲ್-ಎ ಇನ್ನೊಂದು ಬಗೆ. ಅಲ್ಲಿನ ಪಿಚರ್‌ಗಳಲ್ಲಿ ಅನೇಕರು ಮೇಜರ್ ಲೀಗ್ ಕಂಡು ಬಂದವರು, ಮೂವತ್ತು ದಾಟಿದವರು. ವೇಗ ಕಡಿಮೆಯಾಗಿರಬಹುದು, ಬುದ್ಧಿ ಹರಿತ. ಎಣಿಕೆ ಎರಡು ಬಾಲ್, ಸೊನ್ನೆ ಸ್ಟ್ರೈಕ್ ಇದ್ದಾಗ, ಅಂದರೆ ಪಿಚರ್ ಒತ್ತಡದಲ್ಲಿದ್ದಾಗ, ಎಲ್ಲ ಬ್ಯಾಟರ್‌ಗಳೂ ನೇರ ವೇಗದ ಚೆಂಡಿಗೆ ಕಾಯುತ್ತಾರೆ. ಈ ಹಳೇ ಹುಲಿಗಳು ಆಗಲೇ ತಿರುಗುವ ಚೆಂಡು ಹಾಕುತ್ತಾರೆ.

ಕಾಲೇಜಿನಿಂದ ಬಂದವನಿಗೆ ಇನ್ನೊಂದು ತೊಡಕು ಬ್ಯಾಟು. ಕಾಲೇಜಿನಲ್ಲಿ ಲೋಹದ ಬ್ಯಾಟು, ಇಲ್ಲಿ ಮರದ್ದು, ಮೇಪಲ್ ಅಥವಾ ಆ್ಯಶ್. ಕಾಲೇಜು ಬ್ಯಾಟಿನ ಚಿಮ್ಮುವ ಗುಣವನ್ನು ತಗ್ಗಿಸುವ ಹೊಸ ಮಾನದಂಡ ಬಂದದ್ದು 2011ರಲ್ಲಿ. ಮೆರಿಫೀಲ್ಡ್ ಆಡಿದ 2010, ಹಳೆಯ ಬಿಸಿ ಬ್ಯಾಟುಗಳ ಕೊನೆಯ ವರ್ಷ. ಲೋಹದ ಬ್ಯಾಟಿನ ಹಿಡಿಯ ಹತ್ತಿರ ಚೆಂಡು ತಗುಲಿದರೂ ಇನ್‌ಫೀಲ್ಡ್ (ಬೇಸ್‌ಗಳ ಸುತ್ತಲಿನ ಒಳ ಮೈದಾನ) ದಾಟಿ ಬೀಳುತ್ತಿತ್ತು. ಮರದ ಬ್ಯಾಟಿನಲ್ಲಿ ಅದೇ ತಪ್ಪಿಗೆ ಬ್ಯಾಟು ಎರಡು ತುಂಡು, ಚೆಂಡು ಪಿಚರ್ ಕೈಗೆ.

ಔಟ್‌ಫೀಲ್ಡ್‌ನಿಂದ ಸೆಕೆಂಡ್ ಬೇಸ್‌ಗೆ

ಕಾಲೇಜಿನಲ್ಲಿ ಮೆರಿಫೀಲ್ಡ್ ಔಟ್‌ಫೀಲ್ಡರ್. ರಾಯಲ್ಸ್ ಅವರನ್ನು ಹೆಚ್ಚಾಗಿ ಸೆಕೆಂಡ್ ಬೇಸ್‌ನಲ್ಲಿ ಬೆಳೆಸಿತು, ಔಟ್‌ಫೀಲ್ಡ್ ಕೈಬಿಡಲಿಲ್ಲ. ಕಾರಣ ಲೆಕ್ಕಾಚಾರದ್ದು. ಔಟ್‌ಫೀಲ್ಡ್‌ನ ಎರಡು ಮೂಲೆಗಳಲ್ಲಿ ನಿಲ್ಲುವವರಿಂದ ಹೋಮ್ ರನ್ (ಬೇಲಿ ದಾಟುವ ಹೊಡೆತ) ನಿರೀಕ್ಷಿಸುತ್ತಾರೆ, ಮೆರಿಫೀಲ್ಡ್‌ಗೆ ಆಗ ಆ ತೋಳ್ಬಲವಿರಲಿಲ್ಲ. ಅದೇ ಬ್ಯಾಟು ಸೆಕೆಂಡ್ ಬೇಸ್‌ನಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ.

ಆದರೆ ಈ ಬದಲಾವಣೆ ಗ್ಲೌಸ್ ಬದಲಿಸಿದಷ್ಟು ಸುಲಭವಲ್ಲ. ಗ್ಲೌಸನ್ನೇ ನೋಡಿ. ಔಟ್‌ಫೀಲ್ಡರ್‌ನದು ಸುಮಾರು 12.75 ಇಂಚು, ಆಳವಾದ ಬುಟ್ಟಿಯ ಹಾಗೆ. ಚೆಂಡು ಒಳಗೆ ಹೋದರೆ ಹೊರಬೀಳಬಾರದು. ಸೆಕೆಂಡ್ ಬೇಸ್‌ಮನ್‌ನದು 11.25ರಿಂದ 11.5 ಇಂಚು, ತಟ್ಟೆಯಂತೆ ಆಳ ಕಡಿಮೆ, ಏಕೆಂದರೆ ಹಿಡಿದ ಚೆಂಡು ಆ ಕ್ಷಣವೇ ಇನ್ನೊಂದು ಕೈಗೆ ಹೋಗಬೇಕು. ಮೂರ್ನಾಲ್ಕು ಸ್ಥಾನಗಳಲ್ಲಿ ಆಡುವವನ ಚೀಲದಲ್ಲಿ ಮೂರ್ನಾಲ್ಕು ಗ್ಲೌಸ್ ಇರುತ್ತವೆ, ಒಂದೊಂದನ್ನೂ ಬೇರೆ ಬೇರೆಯಾಗಿ ಪಳಗಿಸಬೇಕು.

ಸೆಕೆಂಡ್ ಬೇಸ್‌ಮನ್‌ನ ಅಸಲಿ ಪರೀಕ್ಷೆ ಡಬಲ್ ಪ್ಲೇ, ಒಂದೇ ಚೆಂಡಿಗೆ ಇಬ್ಬರನ್ನು ಔಟ್ ಮಾಡುವುದು. ಮೊದಲ ಬೇಸ್‌ನಲ್ಲಿ ಓಟಗಾರನಿದ್ದಾನೆ, ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವನು) ಕಡೆಗೆ ನೆಲದ ಮೇಲೆ ಚೆಂಡು ಬಂತು ಎನ್ನಿ. ಬಲಗೈ ಬ್ಯಾಟರ್ ಮೊದಲ ಬೇಸ್ ಮುಟ್ಟಲು ಸುಮಾರು 4.3 ಸೆಕೆಂಡ್ ತೆಗೆದುಕೊಳ್ಳುತ್ತಾನೆ, ದೂರ 90 ಅಡಿ. ಚೆಂಡು ನೆಲದ ಮೇಲೆ ಉರುಳಿ ಬರಲು, ಶಾರ್ಟ್‌ಸ್ಟಾಪ್ ಎತ್ತಿ ಎಸೆಯಲು ಬಹುಪಾಲು ಸಮಯ ಕಳೆದಿರುತ್ತದೆ. ಸೆಕೆಂಡ್ ಬೇಸ್‌ಮನ್ ಚೆಂಡು ಹಿಡಿದು, ಬೇಸ್ ಮುಟ್ಟಿ, ತಿರುಗಿ, ಮೊದಲ ಬೇಸ್‌ಗೆ ಎಸೆಯಲು ಉಳಿಯುವುದು ಚಿಟಿಕೆ ಹೊಡೆಯುವಷ್ಟು ಹೊತ್ತು. ಜೊತೆಗೆ ಎದುರಿನಿಂದ ಓಟಗಾರ ಜಾರಿಕೊಂಡು ಕಾಲಿನ ಮೇಲೇ ಬರುತ್ತಿರುತ್ತಾನೆ.

ಕ್ರಮ ಹೀಗೆ. ಎಸೆತ ಬರುವ ಮೊದಲೇ ಬೇಸ್‌ನ ಬಳಿ ಸೇರಿರಬೇಕು, ಆದರೆ ಓಡುವ ವೇಗದಲ್ಲೇ ಅಲ್ಲ, ಕೊನೆಯ ಎರಡು ಹೆಜ್ಜೆ ಚಿಕ್ಕದಾಗಿ. ಎಡಗಾಲು ಬೇಸ್‌ನ ಅಂಚಿಗೆ, ಮಧ್ಯಕ್ಕಲ್ಲ. ಮಧ್ಯದಲ್ಲಿ ನಿಂತರೆ ಪಾದ ಜಾರುತ್ತದೆ, ಓಟಗಾರನ ದಾರಿಗೂ ಸಿಕ್ಕಿಬೀಳುತ್ತೀರಿ. ಎರಡೂ ಕೈ ಎದೆಯ ಎದುರು, ಎಸೆಯುವ ಕೈ ಗ್ಲೌಸ್‌ಗೆ ಅಂಟಿಕೊಂಡಂತೆ. ಚೆಂಡನ್ನು ಮುಚ್ಚಿ ಹಿಡಿಯುವುದಿಲ್ಲ, ಗ್ಲೌಸ್‌ನ ಅಂಗೈಗೆ ಬಡಿದು ಬಲಗೈಗೆ ಜಾರಿಸುವುದು. ಆಮೇಲೆ ಮೂರು ದಾರಿ: ಬೇಸ್ ದಾಟಿ ಮುಂದೆ ಹೆಜ್ಜೆ ಇಟ್ಟು ಎಸೆಯುವುದು, ಹಿಂದೆ ಸರಿದು ಎಸೆಯುವುದು, ಬೇಸ್‌ನ ಹಿಂದೆ ನಿಂತು ಅದನ್ನೇ ಒದೆಗಾಲಾಗಿಸಿ ಎಸೆಯುವುದು. ಯಾವುದೆಂದು ನಿರ್ಧರಿಸುವುದು ಶಾರ್ಟ್‌ಸ್ಟಾಪ್‌ನ ಎಸೆತ ಎಲ್ಲಿಗೆ ಬಂತು ಎಂಬುದು, ನಿಮ್ಮಿಷ್ಟವಲ್ಲ.

ಔಟ್‌ಫೀಲ್ಡ್‌ನಿಂದ ಬಂದವನು ಎಡವುವ ಜಾಗಗಳು ಬಹುಮಟ್ಟಿಗೆ ಒಂದೇ. ಅಲ್ಲಿ ತೋಳನ್ನು ಪೂರ್ತಿ ಬೀಸಿ ಮೇಲಿನಿಂದ ದೂರಕ್ಕೆ ಎಸೆದು ಅಭ್ಯಾಸ. ಇಲ್ಲಿ ಕಿವಿಯ ಪಕ್ಕದಿಂದ, ಕೆಲವೊಮ್ಮೆ ಸೊಂಟದ ಮಟ್ಟದಿಂದ ಚುಟುಕಾಗಿ ಎಸೆಯಬೇಕು. ತೋಳು ಬೀಸಲು ಹೋದರೆ ಎಸೆತವೇನೋ ಚಂದ, ಓಟಗಾರ ಮಾತ್ರ ಬೇಸ್ ಮೇಲೆ ನಿಂತಿರುತ್ತಾನೆ. ಇನ್ನೊಂದು, ನೆಲದ ಚೆಂಡಿನ ಪುಟಿತ. ಕೈಬುಡದಲ್ಲೇ ಪುಟಿಯುವ ಚೆಂಡು ಸುಲಭ, ದೂರದಲ್ಲಿ ಪುಟಿದು ಎದೆಗೆ ಬರುವುದೂ ಸುಲಭ. ಇವೆರಡರ ನಡುವಿನದೇ ಕಾಟ. ಅದನ್ನು ಕೈಯಿಂದಲ್ಲ, ಕಾಲಿನಿಂದ ಪರಿಹರಿಸಬೇಕು: ಒಂದು ಹೆಜ್ಜೆ ಮುಂದೆ ಅಥವಾ ಹಿಂದೆ. ಕಾಲು ನಿಂತಲ್ಲೇ ನಿಂತರೆ ಚೆಂಡು ಗ್ಲೌಸ್‌ನ ಬುಡಕ್ಕೆ ಬಡಿದು ಪಕ್ಕಕ್ಕೆ ಹಾರುತ್ತದೆ. ಇದಕ್ಕೆ ಔಷಧಿ ಒಂದೇ: ಪಂದ್ಯಕ್ಕೆ ನಾಲ್ಕೈದು ಗಂಟೆ ಮುಂಚೆ ಮೈದಾನಕ್ಕೆ ಬಂದು, ಕೋಚ್ ಫಂಗೊ ಬ್ಯಾಟಿನಿಂದ ಹೊಡೆಯುವ ನೆಲದ ಚೆಂಡುಗಳನ್ನು ದಿನವೂ ಹಿಡಿಯುವುದು. ಫಂಗೊ ಎಂದರೆ ಅಭ್ಯಾಸಕ್ಕೆ ಚೆಂಡು ಹೊಡೆದುಕೊಡಲು ಬಳಸುವ ಉದ್ದನೆಯ ಹಗುರ ಬ್ಯಾಟು.

ಹೀಗೆ ಎರಡು ಕಡೆ ಆಡಬಲ್ಲವನಾದದ್ದು ಮೆರಿಫೀಲ್ಡ್‌ಗೆ ವರವೂ ಹೌದು, ಶಾಪವೂ ಹೌದು. ಎಲ್ಲಿ ಬೇಕಾದರೂ ನಿಲ್ಲಬಲ್ಲವನನ್ನು ಕ್ಲಬ್‌ಗಳು ಬಿಡುವುದಿಲ್ಲ. ಆದರೆ "ಇವನು ನಮ್ಮ ಸೆಕೆಂಡ್ ಬೇಸ್‌ಮನ್" ಎಂದು ಯಾರೂ ಹೇಳುವುದೂ ಇಲ್ಲ. ಜೋಳಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ, ಅಷ್ಟೆ.

ಅಂಕಿಗಳನ್ನು ಓದುವುದು ಹೇಗೆ

2013ರಲ್ಲಿ ಡಬಲ್-ಎಯಲ್ಲಿ 0.270ರ ಆಸುಪಾಸು. 2014ರಲ್ಲಿ ಅಲ್ಲೇ 44 ಪಂದ್ಯಗಳಲ್ಲಿ 0.278, ಬಡ್ತಿ ಪಡೆದು ಓಮಾಹಾದಲ್ಲಿ 76 ಪಂದ್ಯಗಳಲ್ಲಿ 0.340. ಮೇಲಿನ ಮೆಟ್ಟಿಲಿಗೆ ಹೋದ ಮೇಲೆ ಸರಾಸರಿ ಏರಿತು. ಹೊರಗಿನಿಂದ ನೋಡಿದವರಿಗೆ ಇಷ್ಟಾದರೂ ಏಕೆ ಕರೆಯಲಿಲ್ಲ ಎನಿಸುತ್ತದೆ.

ಕ್ಲಬ್‌ನವರು ನೋಡುವ ಬಗೆ ಬೇರೆ. 300 ಪ್ರಯತ್ನಗಳಲ್ಲಿ 0.340 ಎಂದರೆ 102 ಹಿಟ್, 0.300 ಎಂದರೆ 90. ಅಂತರ 12 ಹಿಟ್. ಇಬ್ಬರು ಫೀಲ್ಡರ್‌ಗಳ ನಡುವೆ ನುಸುಳಿದ, ಬೇಲಿಯೊಳಗೇ ಬಿದ್ದ ಚೆಂಡುಗಳು ಎರಡೂವರೆ ತಿಂಗಳಲ್ಲಿ ಹನ್ನೆರಡಾಗುವುದು ಕಷ್ಟವಲ್ಲ. ಓಮಾಹಾ ಆಡುತ್ತಿದ್ದ ಪೆಸಿಫಿಕ್ ಕೋಸ್ಟ್ ಲೀಗ್ ಬ್ಯಾಟರ್‌ಗಳ ಸ್ವರ್ಗ. ಆ ಲೀಗ್‌ನ ಕೊಲೊರಾಡೊ ಸ್ಪ್ರಿಂಗ್ಸ್ ಮೈದಾನ ಸಮುದ್ರಮಟ್ಟದಿಂದ 1,900 ಮೀಟರ್ ಮೀರಿದ ಎತ್ತರದಲ್ಲಿ. ತೆಳು ಗಾಳಿಯಲ್ಲಿ ಚೆಂಡು ಹಾರುತ್ತದೆ, ತಿರುಗುವ ಚೆಂಡು ತಿರುಗುವುದಿಲ್ಲ. ಇದಕ್ಕೆ ವಿರುದ್ಧವಾಗಿ ವಿಲ್ಮಿಂಗ್ಟನ್ ಮೈದಾನ ಬ್ಯಾಟರ್‌ಗಳಿಗೆ ಮಸಣ ಎಂದೇ ಹೆಸರಾದದ್ದು. ಅಲ್ಲಿನ ಕಳಪೆ ಅಂಕಿಗೆ ಸ್ವಲ್ಪ ಸೇರಿಸಿ ಓದಬೇಕು, ಓಮಾಹಾದ ಮೆರುಗಿನ ಅಂಕಿಯಿಂದ ಸ್ವಲ್ಪ ಕಳೆದು ಓದಬೇಕು. ಆಗ ಟ್ರಿಪಲ್-ಎ ಚೆಂಡೂ ಮೇಜರ್ ಲೀಗ್ ಚೆಂಡೂ ಒಂದೇ ಆಗಿರಲಿಲ್ಲ; ಒಂದಾದದ್ದು 2019ರಲ್ಲಿ.

2015ರಲ್ಲಿ ಓಮಾಹಾದಲ್ಲಿ ಪೂರ್ತಿ ವರ್ಷ: 0.265, ಬರೀ 5 ಹೋಮ್ ರನ್, 32 ಸಲ ಬೇಸ್ ಕದ್ದದ್ದು, ಅಂದರೆ ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಸೇರಿದ್ದು. ಕಳೆದು ಓದಿದವರ ಅನುಮಾನ ನಿಜವಾದಂತಾಯಿತು. ಆಗ ಅವರಿಗೆ 26. ಈ ವಯಸ್ಸಿಗೆ, ಈ ಮಟ್ಟದಲ್ಲಿ, ಈ ಅಂಕಿ ಇರುವವನಿಗೆ ಕ್ಲಬ್ ಭಾಷೆಯಲ್ಲಿ ಒಂದು ಹೆಸರಿದೆ: ಸಂಖ್ಯೆ ತುಂಬಿಸುವವನು. ನಮ್ಮ ಅಭಿಪ್ರಾಯದಲ್ಲಿ ಆ ತೀರ್ಪು 2014ರಲ್ಲಿ ತಪ್ಪು, 2015ರಲ್ಲಿ ಹೆಚ್ಚುಕಮ್ಮಿ ಸರಿ.

ಕಾಗದದ ಬಾಗಿಲು

ಮೇಜರ್ ಲೀಗ್ ಕ್ಲಬ್‌ಗೆ 40 ಜನರ ಪಟ್ಟಿ ಇರುತ್ತದೆ. ಅದರೊಳಗಿನ 25 ಮಂದಿ (2020ರಿಂದ 26) ಮೈದಾನಕ್ಕೆ ಬರುವವರು. ಮೈನರ್ ಲೀಗ್ ಆಟಗಾರ ಮೇಜರ್ ಲೀಗ್ ಪಂದ್ಯ ಆಡಬೇಕಾದರೆ ಮೊದಲು 40ರ ಪಟ್ಟಿಗೆ ಸೇರಬೇಕು. ಪಟ್ಟಿ ತುಂಬಿದ್ದರೆ ಒಬ್ಬನನ್ನು ತೆಗೆಯಬೇಕು, ತೆಗೆದವನನ್ನು ಬೇರೆ ಕ್ಲಬ್ ಕೊಂಡೊಯ್ಯಬಹುದು. ಹಾಗಾಗಿ ಒಬ್ಬನನ್ನು ಮೇಲೆ ಕರೆಯುವುದು ಎಂದರೆ ಇನ್ನೊಬ್ಬನನ್ನು ಕಳೆದುಕೊಳ್ಳಲು ಸಿದ್ಧವಾಗುವುದು. 0.340 ಹೊಡೆದವನೂ ಈ ಲೆಕ್ಕದಿಂದ ಹೊರತಲ್ಲ.

ಕ್ಲಬ್‌ಗಳು ಆಟಗಾರರನ್ನು ಹೀಗೆ ಕೂಡಿಟ್ಟುಕೊಳ್ಳಬಾರದೆಂದೇ ರೂಲ್ 5 ಡ್ರಾಫ್ಟ್ ಇದೆ. 19 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿಗೆ ಸಹಿ ಹಾಕಿದವನನ್ನು ನಾಲ್ಕನೇ ಡಿಸೆಂಬರ್ ಹೊತ್ತಿಗೆ 40ರ ಪಟ್ಟಿಗೆ ಸೇರಿಸದಿದ್ದರೆ ಬೇರೆ ಕ್ಲಬ್ ಅವನನ್ನು ಆರಿಸಿಕೊಳ್ಳಬಹುದು. ಮೆರಿಫೀಲ್ಡ್‌ಗೆ ಆ ಗಡುವು 2013ರ ಡಿಸೆಂಬರ್. ಆಗ ಶುಲ್ಕ 50,000 ಡಾಲರ್. ಆದರೆ ಷರತ್ತು ಕಠಿಣ: ಕೊಂಡವನನ್ನು ಮುಂದಿನ ವರ್ಷ ಪೂರ್ತಿ ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕು, ಇಲ್ಲವಾದರೆ ಅರ್ಧ ಹಣಕ್ಕೆ ಹಳೆಯ ಕ್ಲಬ್‌ಗೆ ವಾಪಸ್ ಕೊಡಲು ಸಿದ್ಧರಿರಬೇಕು. ಡಬಲ್-ಎಯಲ್ಲಿ 0.270 ಹೊಡೆದ, ಹೋಮ್ ರನ್ ಇಲ್ಲದ ಆಟಗಾರನಿಗಾಗಿ 25ರಲ್ಲಿ ಒಂದು ಜಾಗ ಯಾರು ಮೀಸಲಿಟ್ಟಾರು?

ಪಟ್ಟಿ ಸೇರಿದ ಮೇಲೂ ಬಾಗಿಲು ಎರಡೂ ಕಡೆ ತೆರೆಯುತ್ತದೆ. ಅದಕ್ಕೆ ಆಪ್ಷನ್ ಎಂದು ಹೆಸರು. ಮೂರು ವರ್ಷಗಳ ಕಾಲ ಕ್ಲಬ್ ಆಟಗಾರನನ್ನು ಬೇರೆಯವರ ಭಯವಿಲ್ಲದೆ ಕೆಳಗೆ ಕಳಿಸಬಹುದು, ಕರೆಸಬಹುದು. ಒಮ್ಮೆ ಕೆಳಗೆ ಹೋದ ಬ್ಯಾಟರ್ ಸಾಮಾನ್ಯವಾಗಿ ಹತ್ತು ದಿನವಾದರೂ ಅಲ್ಲೇ ಇರಬೇಕು. ಮೇಲಿನ ತಂಡದಲ್ಲಿ ಯಾರಾದರೂ ಗಾಯಗೊಂಡರೆ ಮಾತ್ರ ವಿನಾಯಿತಿ. ಆಪ್ಷನ್ ಉಳಿದಿರುವವನು, ಎಲ್ಲಿ ಬೇಕಾದರೂ ಆಡಬಲ್ಲವನು, ಇವೆರಡೂ ಒಬ್ಬನಲ್ಲೇ ಸೇರಿದರೆ ಮೊದಲು ಕೆಳಗಿಳಿಯುವವನು ಅವನೇ.

ಇನ್ನು ಸಾಲಿನಲ್ಲಿ ಮುಂದೆ ನಿಂತಿದ್ದ ಮೂವರನ್ನು ನೋಡಿ.

ಒಬ್ಬರು ಒಮರ್ ಇನ್‌ಫಾಂಟೆ. 2013ರ ಡಿಸೆಂಬರ್‌ನಲ್ಲಿ ರಾಯಲ್ಸ್ ಇವರಿಗೆ ಸೆಕೆಂಡ್ ಬೇಸ್‌ಗೆಂದೇ ನಾಲ್ಕು ವರ್ಷಕ್ಕೆ 3.025 ಕೋಟಿ ಡಾಲರ್ ಕೊಟ್ಟಿತು. 2015ರಲ್ಲಿ ಇವರ ಸರಾಸರಿ 0.220. ಆದರೂ ಆ ವರ್ಷ ರಾಯಲ್ಸ್ ಅಭಿಮಾನಿಗಳು ಆನ್‌ಲೈನ್‌ನಲ್ಲಿ ಮತ ಸುರಿದದ್ದರಿಂದ ಆಲ್-ಸ್ಟಾರ್ (ತಾರೆಯರ ಪ್ರದರ್ಶನ ಪಂದ್ಯ) ಮತದಾನದಲ್ಲಿ ಬಹುಕಾಲ ಮುಂದಿದ್ದವರೂ ಇವರೇ. ಕೊನೆಗೆ ಹ್ಯೂಸ್ಟನ್‌ನ ಹೋಸೆ ಆಲ್ಟುವೆ ಹಿಂದಿಕ್ಕಿದರು. ಇನ್ನೊಬ್ಬರು ಕ್ರಿಸ್ಟಿಯನ್ ಕೊಲೋನ್. ಮೆರಿಫೀಲ್ಡ್ 269ನೇ ಆಯ್ಕೆಯಾದ ಅದೇ 2010ರ ಡ್ರಾಫ್ಟ್‌ನಲ್ಲಿ ಅದೇ ರಾಯಲ್ಸ್ 4ನೇ ಆಯ್ಕೆಯಾಗಿ ಹಿಡಿದ ಇನ್‌ಫೀಲ್ಡರ್, ಸಹಿಗೆ 27.5 ಲಕ್ಷ ಡಾಲರ್. 2015ರ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್ ಫೈನಲ್ ಸರಣಿಯ, ಐದನೇ ಪಂದ್ಯದ 12ನೇ ಇನಿಂಗ್ಸ್‌ನಲ್ಲಿ ಗೆಲುವಿನ ರನ್ ತಂದ ಹಿಟ್ ಇವರದು. ಮೂರನೆಯವರು ರೌಲ್ ಮೊಂಡೆಸಿ, ಮೆರಿಫೀಲ್ಡ್‌ಗಿಂತ ಆರು ವರ್ಷ ಚಿಕ್ಕವರು. ಮೇಜರ್ ಲೀಗ್‌ನ ಒಂದು ಪಂದ್ಯವೂ ಆಡದೆ ನೇರವಾಗಿ ವರ್ಲ್ಡ್ ಸೀರೀಸ್‌ನಲ್ಲಿ ಪದಾರ್ಪಣೆ ಮಾಡಿದ ಮೊದಲ ಆಟಗಾರ. ಸಾಲದ್ದಕ್ಕೆ 2015ರ ಜುಲೈನಲ್ಲಿ ಬೆನ್ ಜೋಬ್ರಿಸ್ಟ್‌ರನ್ನೂ ಹೊರಗಿನಿಂದ ತಂದರು. ಚಾಂಪಿಯನ್‌ಷಿಪ್ ಹತ್ತಿರವಿದ್ದಾಗ ಯಾವ ಕ್ಲಬ್ಬೂ ಓಮಾಹಾದಲ್ಲಿ 0.265 ಹೊಡೆಯುತ್ತಿರುವವನ ಮೇಲೆ ಪಣ ಕಟ್ಟುವುದಿಲ್ಲ. ಆ ವರ್ಷ ರಾಯಲ್ಸ್ ಚಾಂಪಿಯನ್ ಆಯಿತು; ಅವರ ಲೆಕ್ಕ ತಪ್ಪಿತ್ತು ಎನ್ನುವಂತಿಲ್ಲ.

ಸಾಲು ಖಾಲಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಮೇಲೆ ಹೇಳಿದ ಆಲ್ಟುವೆಯೇ ಸಾಕ್ಷಿ. ವೆನೆಜುವೆಲಾದ ಈ ಕುಳ್ಳ ಹುಡುಗನನ್ನು ಹ್ಯೂಸ್ಟನ್ ಆಸ್ಟ್ರೋಸ್ 2007ರಲ್ಲಿ 15,000 ಡಾಲರ್‌ಗೆ ಸೇರಿಸಿಕೊಂಡಿತು. 2011ರ ಜುಲೈ 19ರಂದು ಆಸ್ಟ್ರೋಸ್ ತನ್ನ ಸೆಕೆಂಡ್ ಬೇಸ್‌ಮನ್ ಜೆಫ್ ಕೆಪಿಂಜರ್‌ರನ್ನು ಬೇರೆ ಕ್ಲಬ್‌ಗೆ ಕೊಟ್ಟಿತು. ಮರುದಿನವೇ 21ರ ಆಲ್ಟುವೆ ಡಬಲ್-ಎಯಿಂದ ನೇರವಾಗಿ, ಟ್ರಿಪಲ್-ಎ ಮುಟ್ಟದೆಯೇ, ಮೇಜರ್ ಲೀಗ್‌ನಲ್ಲಿದ್ದರು. ಆಲ್ಟುವೆ ಅಂಕಿಗಳು ಹೆಚ್ಚು ಪ್ರಖರವಾಗಿದ್ದವು, ನಿಜ. ಆದರೆ ಆ ವರ್ಷ ಆಸ್ಟ್ರೋಸ್ 106 ಪಂದ್ಯ ಸೋತ ತಂಡ ಎಂಬುದನ್ನೂ ಮರೆಯಬಾರದು.

ಹೊಟ್ಟೆಪಾಡು

ಮೆರಿಫೀಲ್ಡ್ ಸೇರಿದ ಕಾಲಕ್ಕೆ ಮೊದಲ ವರ್ಷದ ಆಟಗಾರನಿಗೆ ತಿಂಗಳಿಗೆ 1,100 ಡಾಲರ್, ಟ್ರಿಪಲ್-ಎಗೆ ಬಂದರೆ ಕನಿಷ್ಠ 2,150. ಅದೂ ಪಂದ್ಯಗಳು ನಡೆಯುವ ಐದು ತಿಂಗಳು ಮಾತ್ರ. ವಸಂತದ ಶಿಬಿರಕ್ಕೆ ಸಂಬಳವಿರಲಿಲ್ಲ, ಚಳಿಗಾಲಕ್ಕೂ ಇರಲಿಲ್ಲ. ಮನೆ ಬಾಡಿಗೆ ಆಟಗಾರನದೇ. ಬಡ್ತಿ ಸಿಕ್ಕ ದಿನ ಹಳೆಯ ಬಾಡಿಗೆಯನ್ನು ಯಾರ ಹೆಗಲಿಗಾದರೂ ಹಾಕಿ ಓಡಬೇಕಿತ್ತು. 2016ರಲ್ಲಿ ಮೇಜರ್ ಲೀಗ್ ಕನಿಷ್ಠ ಸಂಬಳ 5,07,500 ಡಾಲರ್. ಅದನ್ನು 183 ದಿನಗಳಿಗೆ ಹಂಚಿದರೆ ದಿನಕ್ಕೆ 2,773. ಮೇಲೆ ಒಂದು ದಿನ ಕಳೆದರೆ ಕೆಳಗಿನ ಒಂದು ತಿಂಗಳ ಕನಿಷ್ಠಕ್ಕಿಂತ ಹೆಚ್ಚು. ಹತ್ತು ದಿನದ ಮಟ್ಟಿಗೆ ಕರೆದರೂ ಆಟಗಾರ ಏಕೆ ಓಡೋಡಿ ಹೋಗುತ್ತಾನೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಈ ಸಂಬಳದ ವಿರುದ್ಧ 2014ರಲ್ಲಿ ಹೂಡಿದ ಮೊಕದ್ದಮೆಯ ಹೆಸರೇ 'ಸೆನ್ ವಿರುದ್ಧ ಕ್ಯಾನ್ಸಸ್ ಸಿಟಿ ರಾಯಲ್ಸ್'. ವಾಸ್ತವದಲ್ಲಿ ಅದು ಇಡೀ ಮೇಜರ್ ಲೀಗ್ ಮೇಲಿನದು. 2022ರಲ್ಲಿ 18.5 ಕೋಟಿ ಡಾಲರ್‌ಗೆ ರಾಜಿಯಾಯಿತು.

2015ರ ಚಳಿಗಾಲ, 2016ರ ಮೇ

ಓಮಾಹಾದ ಆ 0.265ರ ನಂತರ ಮೆರಿಫೀಲ್ಡ್ ಬದಲಿಸಿದ್ದು ದೇಹವನ್ನು. ಆ ಚಳಿಗಾಲ ಸುಮಾರು 20 ಪೌಂಡ್, ಅಂದರೆ 9 ಕಿಲೊ ತೂಕ ಹೆಚ್ಚಿಸಿಕೊಂಡರು. ಕೇಳಲು ಸಣ್ಣ ಸಂಗತಿ. ಆದರೆ 144 ಪಂದ್ಯಗಳ ಋತುವಿನಲ್ಲಿ, ಬಸ್ಸು, ನಸುಕಿನ ವಿಮಾನ, ಬ್ರೆಡ್ಡು-ಶೇಂಗಾ ಬೆಣ್ಣೆಯ ಊಟದ ನಡುವೆ, ತೆಳ್ಳಗಿನ ಆಟಗಾರ ಜುಲೈ ಹೊತ್ತಿಗೆ ಸೊರಗುತ್ತಾನೆ. ಬ್ಯಾಟು ಬೀಸುವ ವೇಗ ಕೂದಲೆಳೆಯಷ್ಟು ತಗ್ಗಿದರೂ ಇನ್‌ಫೀಲ್ಡ್ ದಾಟಬೇಕಾದ ಚೆಂಡು ಸೆಕೆಂಡ್ ಬೇಸ್‌ಮನ್ ಕೈ ಸೇರುತ್ತದೆ. ತೂಕ ಏರಿಸುವಾಗ ಆಗುವ ತಪ್ಪೂ ಒಂದಿದೆ: ಮೊದಲ ಹೆಜ್ಜೆ ಜಡವಾಗುವುದು. ಬೇಸ್ ಕದಿಯುವವನಿಗೆ, ಇನ್‌ಫೀಲ್ಡರ್‌ಗೆ ಅದು ಆತ್ಮಹತ್ಯೆ. ಮೆರಿಫೀಲ್ಡ್ ವೇಗ ಕಳೆದುಕೊಳ್ಳಲಿಲ್ಲ. 2016ರಲ್ಲಿ ಓಮಾಹಾದ 69 ಪಂದ್ಯಗಳಲ್ಲಿ 8 ಹೋಮ್ ರನ್ ಜೊತೆ 20 ಬೇಸ್ ಕದ್ದರು. ಸರಾಸರಿ ಮಾತ್ರ 0.266, ಹಿಂದಿನ ವರ್ಷದಷ್ಟೇ. ಬರೀ ಸರಾಸರಿ ನೋಡುವವರಿಗೆ ಏನೂ ಬದಲಾಗಿರಲಿಲ್ಲ. ಅರ್ಧದಷ್ಟು ಪಂದ್ಯಗಳಲ್ಲಿ ಹಿಂದಿನ ಇಡೀ ವರ್ಷಕ್ಕಿಂತ ಹೆಚ್ಚು ಹೋಮ್ ರನ್ ಬಂದದ್ದನ್ನು ನೋಡಬೇಕಿತ್ತು.

2016ರ ಮೇ 18ರಂದು, 27ನೇ ವಯಸ್ಸಿನಲ್ಲಿ, ಮೇಜರ್ ಲೀಗ್ ಪದಾರ್ಪಣೆ. ನಾಲ್ಕೇ ದಿನಕ್ಕೆ ಶಿಕಾಗೊದಲ್ಲಿ ಒಂದು ಫೌಲ್ (ಗಡಿಗೆರೆಯ ಹೊರಗೆ ಹೋದ) ಚೆಂಡಿನ ಬೆನ್ನು ಹತ್ತಿದ ರಾಯಲ್ಸ್‌ನ ಮೈಕ್ ಮೌಸ್ಟಾಕಸ್ ಮತ್ತು ಅಲೆಕ್ಸ್ ಗಾರ್ಡನ್ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಮೌಸ್ಟಾಕಸ್‌ಗೆ ಮೊಣಕಾಲಿನ ಅಸ್ಥಿರಜ್ಜು ಹರಿದು ಆ ವರ್ಷವೇ ಮುಗಿಯಿತು, ಗಾರ್ಡನ್‌ಗೆ ಮಣಿಕಟ್ಟಿನ ಮೂಳೆ ಮುರಿತ. ತಂಡದಲ್ಲಿ ಎರಡು ಜಾಗ ಒಟ್ಟಿಗೆ ತೆರವಾದಾಗ ಎಲ್ಲಿ ಬೇಕಾದರೂ ನಿಲ್ಲಬಲ್ಲವನ ಬೆಲೆ ತಿಳಿಯುತ್ತದೆ. ಮೆರಿಫೀಲ್ಡ್ ದಿನವೂ ಆಡಿದರು. ಜೂನ್ ಮಧ್ಯದಲ್ಲಿ ರಾಯಲ್ಸ್ ಇನ್‌ಫಾಂಟೆಯನ್ನೇ ಪಟ್ಟಿಯಿಂದ ತೆಗೆಯಿತು, ಒಪ್ಪಂದದ ಹಣ ಇನ್ನೂ ಬಾಕಿ ಇದ್ದಾಗಲೇ.

ಸಾಲಿನಲ್ಲಿ ಒಬ್ಬ ಕಡಿಮೆಯಾದ. ಆದರೆ ಜುಲೈ ಅಂತ್ಯಕ್ಕೆ ಮೊಂಡೆಸಿ ಸೆಕೆಂಡ್ ಬೇಸ್‌ಗೆ ಬಂದರು, ಮೆರಿಫೀಲ್ಡ್ ಮತ್ತೆ ಓಮಾಹಾ ಬಸ್ಸಿನಲ್ಲಿ. ಮೊಂಡೆಸಿ ಆ ವರ್ಷ 47 ಪಂದ್ಯಗಳಲ್ಲಿ 0.185. 2017ರ ವಸಂತ ಶಿಬಿರದ ಕೊನೆಗೆ ಸೆಕೆಂಡ್ ಬೇಸ್ ಸಿಕ್ಕಿದ್ದು ಮತ್ತೆ ಮೊಂಡೆಸಿಗೇ. ಇಲ್ಲಿ ಕ್ಲಬ್‌ನ ತರ್ಕ ಅರ್ಥವಾಗದ್ದಲ್ಲ: 21ರ ಹುಡುಗನ ಮುಂದೆ ಹತ್ತು ವರ್ಷವಿದೆ, 28ರವನ ಮುಂದೆ ಎಷ್ಟಿದೆ? ಆದರೆ ಆ ಹುಡುಗ ಟ್ರಿಪಲ್-ಎಯಲ್ಲಿ ಸರಿಯಾಗಿ ಬೇಯದೆ ಮೇಲೆ ಬಂದವನು. ಏಪ್ರಿಲ್‌ನಲ್ಲಿ ಅವನ ಸರಾಸರಿ 0.103ಕ್ಕೆ ಇಳಿಯಿತು. ಅದೇ ದಿನಗಳಲ್ಲಿ ಮೆರಿಫೀಲ್ಡ್ ಓಮಾಹಾದಲ್ಲಿ 9 ಪಂದ್ಯ ಆಡಿ 0.412, 3 ಹೋಮ್ ರನ್. ಏಪ್ರಿಲ್ ಮಧ್ಯ ದಾಟುತ್ತಿದ್ದಂತೆ ಅದಲು ಬದಲು ಮಾಡಿದರು.

ಆಮೇಲೆ

2017: 145 ಪಂದ್ಯ, 0.288, 19 ಹೋಮ್ ರನ್, 34 ಬೇಸ್ ಕದ್ದು ಮೇಜರ್ ಲೀಗ್‌ನ ಎರಡು ಭಾಗಗಳಲ್ಲೊಂದಾದ ಅಮೆರಿಕನ್ ಲೀಗ್‌ಗೇ ಮೊದಲಿಗ. ಹೋಮ್ ರನ್ ಅಂಕಿಯನ್ನು ಮಾತ್ರ ತೂಗಿ ನೋಡಬೇಕು. ಆ ವರ್ಷ ಮೇಜರ್ ಲೀಗ್‌ನಲ್ಲಿ ಒಟ್ಟು 6,105 ಹೋಮ್ ರನ್ ಬಿದ್ದು ಆವರೆಗಿನ ದಾಖಲೆಯಾಗಿತ್ತು. ಎಲ್ಲರ ಚೆಂಡೂ ಹಾರುತ್ತಿತ್ತು. 2018: 192 ಹಿಟ್, 45 ಬೇಸ್ ಕಳವು, ಎರಡರಲ್ಲೂ ಇಡೀ ಮೇಜರ್ ಲೀಗ್‌ಗೆ ಅಗ್ರ. 2019: 206 ಹಿಟ್, ಮತ್ತೆ ಅಗ್ರ. 2018ರ ಸೆಪ್ಟೆಂಬರ್‌ನಿಂದ 2019ರ ಏಪ್ರಿಲ್‌ವರೆಗೆ ಸತತ 31 ಪಂದ್ಯಗಳಲ್ಲಿ ಹಿಟ್. 1980ರಲ್ಲಿ ಜಾರ್ಜ್ ಬ್ರೆಟ್ ಮಾಡಿದ್ದ 30ರ ಕ್ಲಬ್ ದಾಖಲೆ ಮುರಿಯಿತು.

ತಡವಾದದ್ದರ ಬೆಲೆ ಒಪ್ಪಂದದಲ್ಲಿ ಕಾಣುತ್ತದೆ. ಮೇಜರ್ ಲೀಗ್‌ನಲ್ಲಿ ಒಂದು ವರ್ಷದ ಸೇವೆ ಎಂದರೆ 172 ದಿನ. ಸಂಬಳಕ್ಕೆ ಚೌಕಾಸಿ ಮಾಡುವ ಹಕ್ಕು ಸಾಮಾನ್ಯವಾಗಿ ಮೂರು ವರ್ಷದ ಸೇವೆಗೆ, ಬೇಕಾದ ಕ್ಲಬ್ ಸೇರುವ ಸ್ವಾತಂತ್ರ್ಯ ಆರು ವರ್ಷಕ್ಕೆ. 21ಕ್ಕೆ ಬಂದವನು 27ಕ್ಕೆ, ತನ್ನ ಅತ್ಯುತ್ತಮ ಕಾಲದಲ್ಲಿ ಮಾರುಕಟ್ಟೆಗೆ ಬರುತ್ತಾನೆ. 27ಕ್ಕೆ ಬಂದು ನಡುವೆ ಎರಡು ಸಲ ಕೆಳಗೂ ಹೋದವನು ಬರುವುದು 33 ದಾಟಿದ ಮೇಲೆ. ಇದೇ ಲೆಕ್ಕ ಹಾಕಿ 2019ರ ಜನವರಿಯಲ್ಲಿ ಮೆರಿಫೀಲ್ಡ್ ನಾಲ್ಕು ವರ್ಷಕ್ಕೆ 1.625 ಕೋಟಿ ಡಾಲರ್‌ಗೆ ಸಹಿ ಹಾಕಿದರು. ದೇಶದಲ್ಲೇ ಹೆಚ್ಚು ಹಿಟ್ ಹೊಡೆದವನಿಗೆ, ಇನ್‌ಫಾಂಟೆಗೆ ಕೊಟ್ಟದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕ್ಲಬ್‌ಗೆ ಇದು ಚಿನ್ನದ ವ್ಯವಹಾರ. ಆಟಗಾರ ಮೋಸಹೋದ ಎನ್ನಲೂ ಆಗದು. ಒಂದು ಮೊಣಕಾಲು ಗಾಯವಾದರೆ ಅಷ್ಟೂ ಇಲ್ಲದ ವಯಸ್ಸದು.

ಇಂದು ಇದೇ ಆಟಗಾರ ಬಂದಿದ್ದರೆ? 2021ರಲ್ಲಿ ಮೈನರ್ ಲೀಗ್‌ನ 160 ತಂಡಗಳನ್ನು 120ಕ್ಕೆ ಇಳಿಸಿದರು. ಮೆರಿಫೀಲ್ಡ್ ಶುರುಮಾಡಿದ ಬರ್ಲಿಂಗ್ಟನ್ ಬೀಸ್ ಜಾಗ ಕಳೆದುಕೊಂಡ ತಂಡಗಳಲ್ಲೊಂದು. ಡ್ರಾಫ್ಟ್ 20 ಸುತ್ತಿಗೆ ಬಂದಿದೆ. 9ನೇ ಸುತ್ತಿನವನು ಈಗಲೂ ಒಳಗೆ ಬರುತ್ತಾನೆ, ಆದರೆ ಡಬಲ್-ಎಯಲ್ಲಿ ಮೂರು ವರ್ಷ ಕಳೆಯುವವನಿಗೆ ಕಾಯುವ ಜಾಗ ಕಡಿಮೆ. 2022ರಿಂದ ವಸತಿ ಕ್ಲಬ್‌ನದೇ. 2023ರ ಒಪ್ಪಂದದ ಪ್ರಕಾರ ಆಗ ಟ್ರಿಪಲ್-ಎ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್ ಆಯಿತು. ಕಾಯುವುದು ಸುಲಭವಾಗಿದೆ, ಕಾಯಲು ಬಿಡುವವರು ಕಡಿಮೆಯಾಗಿದ್ದಾರೆ.

ಮುಂದೆ ನಿಂತಿದ್ದ ಉಳಿದಿಬ್ಬರಲ್ಲಿ ಕೊಲೋನ್ 2017ರ ಮೇ ತಿಂಗಳಲ್ಲಿ ರಾಯಲ್ಸ್ ಬಿಟ್ಟು ಮಯಾಮಿ ಸೇರಿದರು. ಮೊಂಡೆಸಿ ಶಾರ್ಟ್‌ಸ್ಟಾಪ್‌ಗೆ ಸರಿದರು; 2018ರ ಕೊನೆಯ ತಿಂಗಳುಗಳಲ್ಲಿ ಅವರು ಎಸೆದ ಚೆಂಡನ್ನು ಎರಡನೇ ಬೇಸ್‌ನ ಅಂಚಿನಲ್ಲಿ ನಿಂತು ಹಿಡಿದು ಡಬಲ್ ಪ್ಲೇ ಮುಗಿಸುತ್ತಿದ್ದವರು ಮೆರಿಫೀಲ್ಡ್. 2019ರ ಮೇ ಮಧ್ಯದಲ್ಲಿ ಓಮಾಹಾದಿಂದ ನಿಕಿ ಲೋಪೆಜ್ ಎಂಬ ಹೊಸ ಸೆಕೆಂಡ್ ಬೇಸ್‌ಮನ್ ಮೇಲೆ ಬಂದರು. ಮೆರಿಫೀಲ್ಡ್ ಚೀಲದಿಂದ ದೊಡ್ಡ ಗ್ಲೌಸ್ ತೆಗೆದುಕೊಂಡು ಔಟ್‌ಫೀಲ್ಡ್‌ಗೆ ನಡೆದರು.